ನೆಲಕ್ಕೆ ಬೀಳದ ಹನಿ

ನಮ್ಮ ಮನೆಯ ಕಾರು ನೀರು ಕುಡಿಯತೊಡಗಿದ್ದು ಅತ್ತಿಗೆ ಸ್ಟೇರಿಂಗ್ ಹಿಡಿದ ಮೇಲೆ ಎಂಬುದು ರಾಜಘಟ್ಟದ ನಮ್ಮ ಬೀದಿಯಲ್ಲಿ ಜಗಲಿಯಿಂದ ಜಗಲಿಗೆ ಹರಿದಾಡುವ ಅಧಿಕೃತ ಚರಿತ್ರೆ. ನಾನು ಒಪ್ಪುವುದಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮೂರು ವರ್ಷ ಗಂಟಲು ಹರಿದುಕೊಂಡು ನಾನು ಕಲಿತದ್ದಿಷ್ಟೇ: ಒಂದರ ಹಿಂದೆ ಇನ್ನೊಂದು ನಡೆಯಿತೆಂದ ಮಾತ್ರಕ್ಕೆ ಮೊದಲನೆಯದು ಕಾರಣವಾಗಿಬಿಡುವುದಿಲ್ಲ. ಅಮ್ಮ ಮಿಕ್ಸಿಗೆ ಕಾಯಿ ಹಾಕಿದ ಮರುಕ್ಷಣವೇ ನಮ್ಮಲ್ಲಿ ಕರೆಂಟು ಹೋಗುತ್ತದೆ. ಹಾಗೆಂದು ಲೈನ್‌ಮನ್ ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಇಣುಕುತ್ತ ಕೂತಿದ್ದಾನೆಯೇ, ನೀವೇ ಹೇಳಿ.

ಅತ್ತಿಗೆ ನೆಲಮಂಗಲದ ಗೋದಾಮೊಂದರಲ್ಲಿ ಬಂದ ಸರಕಿನ ತಪಾಸಣೆ ನೋಡಿಕೊಳ್ಳುತ್ತಾರೆ. ಪಾಳಿ ಬೆಳಿಗ್ಗೆ ಆರಕ್ಕೆ. ಆ ಹೊತ್ತಿಗೆ ತಲುಪಿಸುವ ಬಸ್ಸಿಲ್ಲ. ಎಂಟು ತಿಂಗಳ ಹಿಂದೆ ಹಟ ಹಿಡಿದು ಕಾರು ಕಲಿತರು. ಮೊನ್ನೆ ದಾರಿಯಲ್ಲಿ ಬಿಸಿಯ ಮುಳ್ಳು ಕೆಂಪು ಗೆರೆ ಮುಟ್ಟಿದಾಗ ಗಾಬರಿಯಾಗದೆ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ, ತಣ್ಣಗಾಗುವವರೆಗೆ ಕಾದರು. ಮನೆಯಲ್ಲಿ ಅಪ್ಪನ ತೀರ್ಪು ಮಾತ್ರ ಕಾಯಲಿಲ್ಲ. “ಎಂಜಿನ್ ಸುಟ್ಟಾಯ್ತು. ಬರೋ ಭಾನುವಾರ ಬೂದಿಗೆರೆಯವರು ಗಾಡಿ ನೋಡಕ್ ಬರ್ತಾರೆ, ಕೊಟ್ಬಿಡಾನ.” ಕಾರು ಹೋದರೆ ಅತ್ತಿಗೆಯ ಕೆಲಸವೂ ಹೋದಂತೆ. ಅವರ ಪರವಾಗಿ ವಕಾಲತ್ತು ವಹಿಸಿದವಳು, ಯಾರೂ ಕರೆಯದಿದ್ದರೂ, ನಾನು.

ಮೊಕದ್ದಮೆಯ ವಿಚಿತ್ರವೇನೆಂದರೆ, ಎಂಜಿನ್ ತಣಿಸುವ ಕೂಲೆಂಟಿನ ಡಬ್ಬಿ ಅಂದು ಖಾಲಿಯಾಗಿತ್ತು, ಆದರೆ ಮಾಯವಾದ ದ್ರವದ ಒಂದು ಹನಿಯೂ ನೆಲದ ಮೇಲಿರಲಿಲ್ಲ. ಕಾರಿನಡಿ ರಾತ್ರಿಯಿಡೀ ಹಾಸಿದ್ದ ರಟ್ಟು ಹಪ್ಪಳದಷ್ಟು ಒಣಗಿ ಎದ್ದಿತು. ಕೂಲೆಂಟು ಎಂಜಿನ್ನಿನೊಳಗೇ ಸೋರಿ ಉರಿಯುತ್ತಿದ್ದರೆ ಹೊಗೆ ಬೆಳ್ಳಗೆ ದಟ್ಟವಾಗಿ ಬರಬೇಕಿತ್ತು, ಬರಲಿಲ್ಲ. ಆಯಿಲ್‌ಗೆ ಬೆರೆತಿದ್ದರೆ ಅಳತೆಕಡ್ಡಿಯಲ್ಲಿ ಹಾಲು ಬೆರೆಸಿದ ಬಣ್ಣ ಕಾಣಬೇಕಿತ್ತು; ಕಾಣಲಿಲ್ಲ. ಅತ್ತಿಗೆಯ ಸ್ಟಿಕರ್ ಬಿಂದಿಯೊಂದನ್ನು ಮತ್ತೆ ತುಂಬಿಸಿದ ಕೂಲೆಂಟು ಡಬ್ಬಿಯ ಮೇಲೆ, ನೀರಿನ ಮಟ್ಟಕ್ಕೆ ಸರಿಯಾಗಿ ಅಂಟಿಸಿದೆ. ಅಲ್ಲಿಂದ ಶುರುವಾಯಿತು ನೋಡಿ ಮಜಾ! ಒಂದು ದಿನ, ಎರಡು ದಿನ, ಮೂರು ದಿನ, ನೀರು ಬಿಂದಿಯ ಕೆಳಗೆ ಇಳಿಯಲೇ ಇಲ್ಲ. ಕಳ್ಳತನದ ದೂರಿದೆ, ಪೆಟ್ಟಿಗೆ ಮಾತ್ರ ತುಂಬಿದೆ!

ನಾಲ್ಕನೆಯ ಬೆಳಗು ಬೇಗನೆದ್ದು ಬಾಗಿಲ ಸಂದಿಯಿಂದ ನೋಡಿದೆ. ಅಪ್ಪ ತುಳಸಿಗೆ ನೀರೆರೆದು, ಸುತ್ತು ಹಾಕಿ, ನೇರವಾಗಿ ಕಾರಿನ ಬಳಿ ಹೋಗಿ ಬಾನೆಟ್ ಎತ್ತಿ, ಚೊಂಬಿನಲ್ಲಿ ಉಳಿದದ್ದನ್ನು ಭಕ್ತಿಯಿಂದ ಡಬ್ಬಿಗೆ ಸುರಿದರು.

“ಅಪ್ಪಾ! ಏನ್ ಮಾಡ್ತಿದ್ಯಾ?”

“ದಿನಾ ಮಾಡೋದೇ ಕಣೇ. ಗಾಡಿಗೂ ಬಾಯಾರ್ಕೆ ಆಗಲ್ವಾ?”

“ಬೋರ್‌ವೆಲ್ ನೀರಾ?”

“ಇನ್ನೇನ್ ಕಾಶಿಯಿಂದ ತರ್ಸ್ಲಾ? ನನ್ ಟ್ರ್ಯಾಕ್ಟರು ಇದೇ ನೀರ್ ಕುಡ್ಕೊಂಡು ಇಪ್ಪತ್ ವರ್ಷ ಉತ್ತಿಲ್ವಾ?”

ಸೋರಿಕೆಯನ್ನು ಮುಚ್ಚಿಟ್ಟದ್ದು ಕೇಡಿನ ಬುದ್ಧಿಯಲ್ಲ, ಅಕ್ಕರೆ; ದಿನಬೆಳಗಾದರೆ ಒಂದು ಚೊಂಬು ಅಕ್ಕರೆ. ಕೊರತೆಯನ್ನು ಯಾರೋ ಸದ್ದಿಲ್ಲದೆ ತುಂಬುತ್ತ ಹೋದರೆ, ಕೊರತೆಯಿದೆ ಎಂಬ ಸಂಗತಿಯೇ ಲೋಕಕ್ಕೆ ತಿಳಿಯದೆ ಹೋಗುತ್ತದಲ್ಲವೇ? ನಾಲ್ಕು ದಿನ ಆ ಕೈ ಮರೆತಾಗ, ಆ ಹೊತ್ತಿಗೆ ಸ್ಟೇರಿಂಗ್ ಹಿಂದೆ ಕೂತವರೇ ಅಪರಾಧಿ. ಎರಡು ದಿನ ಚೊಂಬಿಗೆ ನಿಷೇಧ ಹೇರಿದೆ. ನೀರು ಬಿಂದಿಗಿಂತ ಎರಡು ಬೆರಳು ಕೆಳಗಿಳಿಯಿತು. ನಾನು ಅಂಗಳದಲ್ಲೇ ಕುಣಿದೆ. ಕಾರು ಕೆಟ್ಟಿದೆಯೆಂದು ಕುಣಿದ ಮೊದಲ ಹೆಣ್ಣು ಬಹುಶಃ ನಾನೇ.

ಶನಿವಾರ ಅಪ್ಪ, ಅತ್ತಿಗೆ, ನಾನು ಮೂವರೂ ದೊಡ್ಡಬಳ್ಳಾಪುರದ ನಯಾಜ್ ಭಾಯ್ ಗ್ಯಾರೇಜಿಗೆ ಹೋದೆವು. ಎಂಜಿನ್ ತಣಿದ ಮೇಲೆ ಅವರು ಡಬ್ಬಿಯ ಮುಚ್ಚಳ ತೆಗೆದು, ಆ ಜಾಗಕ್ಕೆ ಸೈಕಲ್ ಪಂಪಿನಂಥ ಕೈಪಂಪು ಕೂರಿಸಿ ಗಾಳಿ ತುಂಬಿದರು. ಅದರ ಮುಳ್ಳು ಮೇಲೇರಿ, ಒಂದು ಗಳಿಗೆ ನಿಂತು, ಮೆಲ್ಲಗೆ ಇಳಿಯತೊಡಗಿತು. ಕಾರಿನಡಿ ಮಾತ್ರ ಬರೀ ಧೂಳು.

“ಏನ್ ಲಾಯರಮ್ಮ, ಗಾಳಿ ಎಲ್ಲೋ ಹೋಗ್ತೈತೆ, ನೀರು ಕಾಣ್ತಿಲ್ಲ. ಈಗ್ ಹೇಳಿ, ನಾನ್ ಎಲ್ಲಿ ನೋಡ್ಬೇಕು?”

“ಯಾರೂ ನೋಡದೇ ಇರೋ ಕಡೆ,” ಎಂದೆ, ಗತ್ತಿಗೆ. ಅವರು ನಕ್ಕರು, ಆಮೇಲೆ ನಗು ನಿಲ್ಲಿಸಿ ಎಡಗಡೆಯ ಮುಂದಿನ ಸೀಟಿನ ಬುಡಕ್ಕೆ ಬಾಗಿ, ಕಾರ್ಪೆಟ್ಟಿನ ಅಂಚು ಹಿಡಿದು ಎತ್ತಿದರು. ಕೆಳಗಿನ ಸ್ಪಂಜು ನೆನೆದು ತೊಪ್ಪೆಯಾಗಿತ್ತು!

ಡ್ಯಾಶ್‌ಬೋರ್ಡಿನ ಹಿಂದೆ ಹೀಟರಿಗೆಂದು ಒಂದು ಪುಟ್ಟ ರೇಡಿಯೇಟರ್ ಇರುತ್ತದಂತೆ, ಹೆಸರು ಹೀಟರ್ ಕೋರ್. ನಮ್ಮೂರಿನ ಹವೆಗೆ ಹೀಟರ್ ಹಾಕುವವರಿಲ್ಲ, ಆ ಗುಂಡಿಯನ್ನು ನಾವು ಮುಟ್ಟಿದ್ದೇ ಇಲ್ಲ. ಆದರೂ ಎಂಜಿನ್ನಿನ ನೀರು ಅದರೊಳಗೆ ಹಾದುಹೋಗುತ್ತಲೇ ಇತ್ತು, ತೂತಿನಿಂದ ಕಾರ್ಪೆಟ್ಟಿನಡಿಗೆ ಜಿನುಗುತ್ತಲೇ ಇತ್ತು. ನಾವೆಲ್ಲ ನೆಲ ನೋಡುತ್ತಿದ್ದೆವು; ಅದು ನಮ್ಮ ಪಾದದ ಕೆಳಗೇ ಸೋರುತ್ತಿತ್ತು. ಸಾಕ್ಷ್ಯವಿಲ್ಲವೆಂದು ನಾವು ಅನ್ನುವ ಎಷ್ಟೋ ಸಂಗತಿಗಳಿಗೆ ಸಾಕ್ಷ್ಯವಿರುತ್ತದೆ, ನಾವು ಅದರ ಮೇಲೆ ಕಾಲಿಟ್ಟುಕೊಂಡು ಕೂತಿರುತ್ತೇವೆ.

ಮಧ್ಯಾಹ್ನದ ಹೊತ್ತಿಗೆ ಡ್ಯಾಶ್‌ಬೋರ್ಡ್ ಬಿಚ್ಚಿ ಹೊಸ ಹೀಟರ್ ಕೋರ್ ಕೂರಿಸಲು ಕುಳಿತವರು, ಸಂಜೆಗೆ ಒಳಗಿನ ಕೊಳವೆಗಳನ್ನೆಲ್ಲ ತೊಳೆದು, ಡಿಸ್ಟಿಲ್ಡ್ ನೀರಿನಲ್ಲಿ ಬೆರೆಸಿದ ಹಸಿರು ಕೂಲೆಂಟು ತುಂಬಿ, ಸಿಕ್ಕಿಬಿದ್ದ ಗಾಳಿ ಹೊರಬಿಟ್ಟು, ಮತ್ತೆ ಪಂಪು ಒತ್ತಿದರು. ನಾಲ್ವರೂ ಮುಳ್ಳನ್ನೇ ನೋಡಿದೆವು. ಐದು ನಿಮಿಷ. ಹತ್ತು. ಅರ್ಧ ಗಂಟೆ. ಮುಳ್ಳು ಗೋಡೆಗೆ ಬಡಿದ ಮೊಳೆಯಂತೆ ನಿಂತಿತ್ತು. ನಾನು ಕಿರುಚಿದ್ದಕ್ಕೆ ಎದುರಿನ ಟೀ ಅಂಗಡಿಯವರು ಎದ್ದು ಬಂದರು.

ನಯಾಜ್ ಭಾಯ್ ಹಳೆಯ ಕೋರನ್ನು ಅಪ್ಪನ ಕೈಗಿಟ್ಟರು. ಅದರ ಒಳಬಾಯಿಯಲ್ಲಿ ಹಂಡೆಯ ತಳದಲ್ಲಿ ಕಟ್ಟುವಂಥ ಬಿಳಿ ಉಪ್ಪು ನಾಣ್ಯದ ದಪ್ಪ ಕೂತಿತ್ತು. “ಯಜಮಾನ್ರೇ, ಎಂಜಿನ್ ಗಟ್ಟಿಮುಟ್ಟಾಗೈತೆ. ಇದನ್ನ ತಿಂದಿದ್ದು ಬೋರ್ ನೀರು. ಇಷ್ಟು ಉಪ್ಪು ಏಳೆಂಟ್ ತಿಂಗ್ಳಲ್ಲಿ ಕಟ್ಟಲ್ಲ, ವರ್ಷಾನುಗಟ್ಲೆ ಬೇಕು.”

ನನ್ನ ನಾಲಿಗೆಯ ತುದಿಯಲ್ಲಿ ಸಮಾರೋಪ ಭಾಷಣ ಸಿದ್ಧವಾಗಿತ್ತು. ಅತ್ತಿಗೆ ನನ್ನ ಮೊಣಕೈ ಮುಟ್ಟಿ ತಡೆದರು. ಅಪ್ಪ ಆ ಬಿಳಿ ಉಪ್ಪನ್ನು ಉಗುರಿನಿಂದ ಕೆರೆಯುತ್ತ, ತಲೆಯೆತ್ತದೆ ನಿಂತಿದ್ದರು. ಎಂಟು ತಿಂಗಳಲ್ಲಿ ಒಮ್ಮೆಯೂ ಅವರಿಗೆ ಎದುರಾಡದ ಅತ್ತಿಗೆ, ಕಾರಿನ ಕೀಲಿಯನ್ನು ಅಂಗೈಯಲ್ಲಿ ಬಿಗಿಹಿಡಿದು, ಮೆತ್ತಗೆ ಕೇಳಿದರು:

“ಮಾವ, ನೀವು ದಿನಾ ನೀರು ಹಾಕಕ್ಕೆ ಶುರು ಮಾಡಿದ್ದು ನಾನು ಗಾಡಿ ಕಲಿಯೋಕೆ ಮುಂಚೇನಾ, ಆಮೇಲಾ?”