ಅತ್ತೆ ‘ಬೇಡ’ ಬಿಟ್ಟ ನಲವತ್ತು ದಿನ

ನಮ್ಮತ್ತೆ ಶಾಲೆಯೊಂದರ ಲೈಬ್ರರಿಯಲ್ಲಿ ಮೂವತ್ತೊಂದು ವರ್ಷ ದುಡಿದವರು. ಮುಟ್ಟಬೇಡ, ಮಡಚಬೇಡ, ಮಾತಾಡಬೇಡ ಅನ್ನುವುದರಲ್ಲೇ ಅಷ್ಟೂ ವರ್ಷ ಕಳೆದವು. ನಿವೃತ್ತಿಯಾದ ಮೇಲೆ ಶಾಲೆಮಕ್ಕಳು ಸಿಗದೆ ಆ ಸರಕನ್ನೆಲ್ಲ ಮಾವನ ಮೇಲೆ ಸುರಿದರು.

ಮಾವ ಗಡಿಯಾರ ರಿಪೇರಿಯವರು. ದಿನಕ್ಕೊಂದು ಯೋಜನೆ. “ಬಾಗಿಲಿಗೆ ನೇರಳೆ ಬಣ್ಣ ಹೊಡೀಲೇನೇ?” “ಬೇಡ.” “ಮಿಕ್ಸಿ ಬಿಚ್ಚಿ ನೋಡ್ಲಾ?” “ಬೇಡಾರೀ!” ಬಹಳ ಸುಖದ ಸಂಸಾರ. ಕೈಯೂ ಕೊಳೆಯಾಗದು, ಉತ್ಸಾಹವೂ ಕುಂದದು.

ಒಂದು ಯೋಜನೆ ಮಾತ್ರ ವರ್ಷಕ್ಕೊಮ್ಮೆ, ಪಾಸ್ಕ ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚೆ ಏನಾದರೊಂದನ್ನು ಬಿಟ್ಟು ನಲವತ್ತು ದಿನ ವ್ರತ ಹಿಡಿಯುವ ತಪಸ್ಸುಕಾಲದಲ್ಲಿ ತಲೆಯೆತ್ತುತ್ತಿತ್ತು. ಮಾವನೂ ಅವರ ತಮ್ಮನೂ ಒಂಬತ್ತು ವರ್ಷದಿಂದ ಮಾತಾಡಿರಲಿಲ್ಲ. ಅವರಪ್ಪ ಗಡಿಯಾರ ಬಿಚ್ಚುವಾಗ ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಪುಟ್ಟ ಭೂತಗನ್ನಡಿಯನ್ನು, ಅಪ್ಪ ತೀರಿಕೊಂಡಾಗ ತಮ್ಮ ಕೇಳದೆ ಜೇಬಿಗಿಳಿಸಿದ್ದ. ಕನ್ನಡಿ ಅವನಿಗೆ ಸಿಕ್ಕಿತು, ಭೂತ ಇಬ್ಬರನ್ನೂ ಹಿಡಿಯಿತು.

“ಈ ಸಲ ನಾನೇ ಹೋಗಿ ಮಾತಾಡಿಬಿಡ್ತೀನಿ” ಎಂದು ಮಾವ ಗುಡುಗುವುದು. “ಬೇಡ, ಅವಮಾನ ಮಾಡ್ತಾನೆ” ಎಂದು ಅತ್ತೆ ತಡೆಯುವುದು. “ನೋಡಿದ್ಯಾ? ನಾನು ರೆಡಿ, ಇವಳು ಬಿಡಲ್ಲ” ಎಂದು ನನ್ನ ಕಡೆ ತಿರುಗಿ ಮಾವ ನಿರಾಳ. ಚರ್ಚಿನಲ್ಲಿ ಪಾದ್ರಿಗಳ ಮುಂದೆ ಪಾಪನಿವೇದನೆ ಮಾಡುವಾಗಲೂ ಇದನ್ನೇ ಹೇಳುತ್ತಾರಂತೆ. ತನ್ನ ಪಾಪ ಹೇಳಲು ಹೋಗಿ ಹೆಂಡತಿಯದನ್ನು ಒಪ್ಪಿಸಿ ಬರುವ ಗಂಡ ಇವರೊಬ್ಬರೇ ಇರಲಾರರು, ಬಿಡಿ.

ಈ ವರ್ಷ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ, ಹಣೆಯಲ್ಲಿ ಬೂದಿಯ ಶಿಲುಬೆ ಹೊತ್ತು ಚರ್ಚಿನಿಂದ ಬಂದ ಅತ್ತೆ ಚಪ್ಪಲಿ ಬಿಡುತ್ತಲೇ ಹೇಳಿದರು: “ಪಾಸ್ಕದವರೆಗೂ ನಾನು ‘ಬೇಡ’ ಅನ್ನಲ್ಲ. ಮಾಂಸ ಯಾರು ಬೇಕಾದ್ರೂ ಬಿಡ್ತಾರೆ.”

ಮೊದಲ ವಾರ ಮಾವನಿಗೆ ಸ್ವರ್ಗ. ಬಾಗಿಲು ನೇರಳೆಯಾಯಿತು. ಮಿಕ್ಸಿ ಹದಿನೇಳು ತುಂಡಾಯಿತು. ಎರಡನೇ ವಾರಕ್ಕೆ ಸೊಂಟ ಹಿಡಿಯಿತು, ಬಾಯಿಬಿಟ್ಟರೆ ಕೆಲಸ! ಮೂರನೇ ವಾರದಿಂದ ಮಾವ ತುಟಿ ಹೊಲಿದುಕೊಂಡರು. ಆದರೆ ಹುಟ್ಟುಗುಣ. ಪಾಸ್ಕಕ್ಕೆ ಇನ್ನೊಂದೇ ವಾರವಿರುವ ಗರಿಗಳ ಭಾನುವಾರ ಊಟಕ್ಕೆ ಕೂತಾಗ ನಾಲಿಗೆ ಜಾರಿತು.

“ಈ ಸಲ ತಮ್ಮನ ಮನೆಗೆ ಹೋಗೇಬಿಡ್ತೀನಿ!”

ಎಂದು ತುತ್ತು ಹಿಡಿದು ಕಾದರು. ಅತ್ತೆ ನೀರು ಕುಡಿದು ಲೋಟ ಕೆಳಗಿಟ್ಟರು.

“ಹೋಗಿ ಬನ್ರೀ.”

“ಬಾಗಿಲು ಮುಖಕ್ಕೆ ಬಡಿದ್ರೆ?”

“ಬಡೀಲಿ. ಮೂಗೇನು ಹೊಸದಾ?”

“ನೀನು ಹೀಗಂತೀಯಾ?”

“ಒಂಬತ್ತು ವರ್ಷ ಬೇರೆ ಥರ ಅಂದಿದ್ದು ತಪ್ಪಾಯ್ತು. ನಿಮಗೆ ಮರ್ಯಾದೆ ಉಳೀತು, ತಮ್ಮ ಉಳೀಲಿಲ್ಲ.” ಅತ್ತೆಯ ದನಿ ಅಷ್ಟಕ್ಕೇ ಸಣ್ಣಗಾಯಿತು.

ಮಾವ ನನ್ನನ್ನು ನೋಡಿದರು. ನಾನು ತಟ್ಟೆ ನೋಡಿದೆ. ಕೊನೆಗೆ ಮಾವ ನನ್ನ ತೋಳು ಹಿಡಿದೇ ಹೊರಟರು. ಎರಡು ಬೀದಿ ದೂರಕ್ಕೆ ಮೂರು ಕಡೆ ಕೂತು ಸುಧಾರಿಸಿಕೊಂಡರು.

ಕದ ತೆರೆದದ್ದು ತಮ್ಮನೇ. ಮಾವನ ಕಣ್ಣು ಒಳಗಿನ ಗೋಡೆಗೆ ಹೋಯಿತು, ತಡೆಯಲಾಗಲಿಲ್ಲ.

“ನಿನ್ನ ಗಡಿಯಾರ ಏಳು ನಿಮಿಷ ಹಿಂದಿದೆ ಕಣೋ.”

“ಒಂಬತ್ತು ವರ್ಷ ಲೇಟಾಗಿ ಬಂದೋನು ಏಳು ನಿಮಿಷದ ಲೆಕ್ಕ ಹೇಳ್ತಾನೆ!” ಅಂದ ತಮ್ಮ. ಬೈಗುಳದ ಅರ್ಧದಲ್ಲೇ ದನಿ ಒಡೆಯಿತು. “ಒಳಗೆ ಬಾ ಅಣ್ಣ. ನಿಂತ್ಕೊಂಡೇ ರಿಪೇರಿ ಮಾಡ್ತೀಯಾ?”

ಕ್ಷಮಿಸು ಅನ್ನುವ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ. ಗಡಿಯಾರ ಮೇಜಿನ ಮೇಲೆ ಬಂತು. ತಮ್ಮ ಒಳಗಿನಿಂದ ಅಪ್ಪನ ಭೂತಗನ್ನಡಿ ತಂದು ಅಣ್ಣನ ಮುಂದಿಟ್ಟ. ಅಣ್ಣ ಅದನ್ನು ತಮ್ಮನ ಕಡೆಗೇ ತಳ್ಳಿ, “ನೀನೇ ನೋಡು, ನಂಗೀಗ ಕಣ್ಣು ಮಂಜು” ಅಂದರು. ಕಣ್ಣೊರೆಸಿಕೊಳ್ಳುವ ಗಡಿಬಿಡಿಯಲ್ಲಿ ಮೊಣಕೈ ತಗುಲಿ ಸಣ್ಣ ಸ್ಕ್ರೂ ಒಂದು ಉರುಳಿತು. ಅರವತ್ತು ದಾಟಿದ ಇಬ್ಬರೂ ಮೇಜಿನ ಕೆಳಗೆ ಮೊಣಕಾಲೂರಿದರು.

ಹುಡುಕುತ್ತಾ ಹುಡುಕುತ್ತಾ ಬಹಳ ಹೊತ್ತು ಅಲ್ಲೇ ಇದ್ದರು. ಸ್ಕ್ರೂ ನನ್ನ ಕಾಲಿನ ಪಕ್ಕದಲ್ಲೇ ಇತ್ತು. ನಾನು ಹೇಳಲಿಲ್ಲ.