ತಾಳಿಕೋಟೆ ಸಂತೆಯ ಹಸಿರು ಫ್ರಾಕು

ಇವತ್ತು ಮುದ್ದೇಬಿಹಾಳದ ನನ್ನ ಹಳೆ ಬಟ್ಟೆ ಅಂಗಡಿಯಲ್ಲಿ ಒಂದು ಗಂಟು ಬಿಚ್ಚಿದಾಗ ಡಾಂಬರ ಗುಳಿಗೆಯ ವಾಸನೆ ಎದ್ದಿತು. ಅವ್ವ ನೆನಪಾದಳು.

ಅವ್ವ ಮನೆ ಮನೆಗೆ ಹೋಗಿ ಹಳೆ ಬಟ್ಟೆ ಕೊಂಡು ತರುತ್ತಿದ್ದಳು. ಒಗೆದು, ಹರಿದದ್ದನ್ನು ಹೊಲಿದು, ತಂಬಿಗೆಯಲ್ಲಿ ಕೆಂಡ ತುಂಬಿ ಇಸ್ತ್ರಿ ಮಾಡಿ ತಾಳಿಕೋಟೆ ಸಂತೆಯಲ್ಲಿ ಮಾರುತ್ತಿದ್ದಳು. ಒಮ್ಮೆ ಬಂದ ಹಸಿರು ಫ್ರಾಕು ನನಗೇ ಅಳತೆ ತೆಗೆದು ಹೊಲಿದಂತಿತ್ತು. ಹಟ ಮಾಡಿ ಅದನ್ನೇ ತೊಟ್ಟು ಸಂತೆಗೆ ಹೋದೆ.

ಅಲ್ಲಿ ಒಬ್ಬ ಹೆಂಗಸು ನನ್ನೆದುರು ನಿಂತುಬಿಟ್ಟಳು. "ಗೌರೀ" ಎಂದಳು. ನನ್ನ ಹೆಸರು ಅದಲ್ಲ. ಕುಕ್ಕರಗಾಲಲ್ಲಿ ಕುಳಿತು ಫ್ರಾಕಿನ ಅಂಚು ಮುಟ್ಟಿದಳು.

"ಇದನ್ನ ನಾನಽ ಹೊಲಿದಿದ್ದೆರಿ. ನನ್ನ ಮಗಳು ತೀರ್ಕೊಂಡಮ್ಯಾಲೆ ನಮ್ಮತ್ತಿ ಯಾವಾಗ ಮಾರಿದ್ಳೋ, ನನಗ ಗೊತ್ತಾಗ್ಲಿಲ್ಲ."

ಅವ್ವ ಫ್ರಾಕಿನ ಗುಂಡಿಗೆ ಕೈ ಹಾಕಿದಳು. "ಈಗಽ ಬಿಚ್ಚಿ ಕೊಡ್ತೇನ್ರಿ, ಅಕ್ಕಾರ."

"ತಡೀರಿ. ಒಂದಽ ಸಲ ಆ ಗಿಡದ ತನಕ ಓಡಿ ಬರಲಿ. ನೋಡ್ತೇನಿ."

ನಾನು ಬೇವಿನ ಗಿಡದವರೆಗೆ ಓಡಿದೆ. ತಿರುಗಿ ಬರುವಾಗ ಅವಳು ಎರಡೂ ಕೈ ಚಾಚಿ ಕಾಯುತ್ತಿದ್ದಳು. ನನಗೆ ಹೆದರಿಕೆಯಾಯಿತು. ಅವಳನ್ನು ತಪ್ಪಿಸಿ ಓಡಿ ಅವ್ವನ ಹಿಂದೆ ಅಡಗಿದೆ. ಚಾಚಿದ ಕೈಗಳು ಹಾಗೆಯೇ ಇದ್ದವು. ಕೊನೆಗೆ ಅವ್ವ ಫ್ರಾಕು ಬಿಚ್ಚಿ, ಮಡಚಿ, ಆ ಕೈಗಳಲ್ಲಿಟ್ಟಳು.

ಅಂದಿನಿಂದ ಮಕ್ಕಳ ಬಟ್ಟೆ ಕೊಳ್ಳುವ ಮುಂಚೆ ಅವ್ವ, "ತೊಟ್ಟ ಕೂಸು ಆರಾಮ ಐತಿಲ್ರಿ?" ಎಂದು ಕೇಳುತ್ತಿದ್ದಳು. ಅಂಗಡಿ ಇಟ್ಟಾಗಿನಿಂದ ನಾನೂ ಕೇಳುತ್ತೇನೆ.

ಈಗ ನನಗೂ ಮಗಳಿದ್ದಾಳೆ. ಅವಳು ಓಡಿ ಬಂದು ತೆಕ್ಕೆಗೆ ಬಿದ್ದಾಗಲೆಲ್ಲ, ಆ ದಿನ ನಾನೂ ಹಾಗೆ ಹೋಗಬೇಕಿತ್ತು ಅನಿಸುತ್ತದೆ.