ಅರ್ಧ ಟ್ಯಾಂಕಿನ ಮೀಟರ್

ತಿಪ್ಪೇಸ್ವಾಮಿಯವರು ಸೈನ್ಯದಲ್ಲಿ ಇಪ್ಪತ್ನಾಲ್ಕು ವರ್ಷ ಗಾಡಿಗಳ ವೈರಿಂಗ್ ನೋಡಿಕೊಂಡವರು. ಹವಾಲ್ದಾರರಾಗಿ ನಿವೃತ್ತರಾದ ಮೇಲೆ ದೇಶದ ರಾಜಧಾನಿಯ ಪಕ್ಕದ ಇಂದಿರಾಪುರಂನಲ್ಲೇ ನೆಲೆ ನಿಂತರು. ಹೆಂಡತಿ ವಸಂತಿ ಓಖ್ಲಾದ ಒಂದು ಗಾರ್ಮೆಂಟ್ ಕಾರ್ಖಾನೆಗೆ ದಿನವೂ ಎಂಬತ್ತು ಜನರ ಊಟ ಒಯ್ಯುತ್ತಾರೆ. ಒಯ್ಯುವುದು ಹಳೇ ಪೆಟ್ರೋಲ್ ಜಿಪ್ಸಿ ಜೀಪಿನಲ್ಲಿ. ಹಿಂದಿನ ಸೀಟು, ಟಾಪು ಕಿತ್ತುಹಾಕಿ ಪಿಕಪ್ ಮಾಡಿಸಿಕೊಂಡದ್ದು.

ಎರಡು ವರ್ಷದ ಹಿಂದೆ ಲಕ್ವ ಹೊಡೆದು ತಿಪ್ಪೇಸ್ವಾಮಿಯವರ ಬಲಗೈ ಸೋತಿತು. ವ್ಯಾಯಾಮ ಮಾಡಿ ಮಾಡಿ ಕೈಯೇನೋ ಮರಳಿತು, ಕೆಲಸ ಮರಳಲಿಲ್ಲ. ಬಲ್ಬು ಹೋದರೂ ವಸಂತಿ ಗಾಡಿಯನ್ನು ಮೂಲೆಯ ಗ್ಯಾರೇಜಿಗೆ ಒಯ್ಯುತ್ತಿದ್ದರು. ಊರಿಗೆಲ್ಲ ವೈರು ಎಳೆದವನು ಮನೆ ಗಾಡಿ ಮುಟ್ಟುವಂತಿಲ್ಲ ಎಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಕಳೆದ ತಿಂಗಳು ಗಾಡಿಯ ಮೀಟರ್ ಬೋರ್ಡು ಪೂರಾ ಕೈಕೊಟ್ಟಿತು. ಸ್ಪೀಡಿನ ಮುಳ್ಳು ಏಳದು, ಪೆಟ್ರೋಲ್ ಮುಳ್ಳು ಅಲುಗದು.

"ಈ ಸಲ ನಾನೇ ಹಾಕ್ತೀನಿ," ಎಂದರು ತಿಪ್ಪೇಸ್ವಾಮಿ.

ವಸಂತಿ ಅವರ ಕೈಯನ್ನೊಮ್ಮೆ ನೋಡಿ, "ಅಚ್ಛಾ, ಹಾಕಿ," ಎಂದರು. ಇದೊಂದು ಕೆಟ್ಟರೆ ಟೂಲ್‌ಬಾಕ್ಸಿಗೆ ಶಾಶ್ವತವಾಗಿ ಬೀಗ ಬೀಳುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ತಿಪ್ಪೇಸ್ವಾಮಿ ಕಶ್ಮೀರಿ ಗೇಟಿನ ಬಿಡಿಭಾಗದ ಅಂಗಡಿಯಿಂದ ಬೇರೊಂದು ಗಾಡಿಯ ಡಿಜಿಟಲ್ ಮೀಟರ್ ತಂದರು. ಎರಡು ದಿನ ಕೂತು ವೈರು ವೈರನ್ನೂ ಗುರುತಿಸಿ ಬೆಸುಗೆ ಹಾಕಿದರು. ಕೈ ನಡುಗಿದಾಗಲೆಲ್ಲ ನಿಲ್ಲಿಸಿ, ಚಹಾ ಕುಡಿದು, ಮತ್ತೆ ಕೂತರು. ಚಾವಿ ತಿರುಗಿಸಿದರೆ ಮೀಟರು ಝಗ್ಗೆಂದು ಬೆಳಗಿತು. ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲಿತ್ತು, ಮೀಟರೂ ಅರ್ಧ ಎಂದಿತು. ಸೈನ್ಯದಲ್ಲಾದರೆ ಟ್ಯಾಂಕು ಖಾಲಿ ಮಾಡಿ ಒಮ್ಮೆ, ತುಂಬಿಸಿ ಒಮ್ಮೆ ನೋಡದೆ ಸಹಿ ಹಾಕುತ್ತಿರಲಿಲ್ಲ. ಆವತ್ತು ಸಂಭ್ರಮದಲ್ಲಿ, "ಪಕ್ಕಾ ಸರಿ ಇದೆ, ತಗೊಂಡು ಹೋಗು," ಎಂದುಬಿಟ್ಟರು. ಆತುರಗಾರನಿಗೆ ಬುದ್ಧಿ ಮಟ್ಟ.

ನಾಲ್ಕನೆಯ ದಿನ ಹನ್ನೆರಡೂವರೆಗೆ ಫೋನ್ ಬಂತು.

"ರೀ, ಕಾಳಿಂದಿ ಕುಂಜ್ ಹತ್ರ ಗಾಡಿ ನಿಂತ್ಹೋಯ್ತು."

"ಪೆಟ್ರೋಲ್ ಎಷ್ಟು ತೋರಿಸ್ತಿದೆ?"

"ಫುಲ್ ಇದೆ."

ತಿಪ್ಪೇಸ್ವಾಮಿಯವರಿಗೆ ಕೂಡಲೇ ಹೊಳೆಯಿತು. ಹಳೇ ಟ್ಯಾಂಕಿನೊಳಗೆ ಪೆಟ್ರೋಲ್ ಮಟ್ಟ ಅಳೆಯುವ ಫ್ಲೋಟಿಗೂ ಹೊಸ ಮೀಟರಿಗೂ ಲೆಕ್ಕ ತಲೆಕೆಳಗು. ಖಾಲಿಯಾದಷ್ಟೂ ತುಂಬಿದೆ ಎನ್ನುತ್ತದೆ. ಅರ್ಧದಲ್ಲಿ ಮಾತ್ರ ಎರಡೂ ಒಂದೇ, ಅವರು ನೋಡಿದ್ದೂ ಅರ್ಧದಲ್ಲೇ.

ಕ್ಯಾನಿಗೆ ಹಾಕುವುದಿಲ್ಲ ಎಂದ ಪಂಪಿನವನನ್ನು "ಭಯ್ಯಾ, ಭಯ್ಯಾ" ಎಂದು ಗೋಗರೆದು ಕ್ಯಾನಿಗೆ ಪೆಟ್ರೋಲ್ ಹಾಕಿಸಿಕೊಂಡು ಆಟೋದಲ್ಲಿ ಓಡಿದರು. ವಸಂತಿ ಅನ್ನದ ಡಬ್ಬಿಗಳ ಪಕ್ಕ ಬಿಸಿಲಲ್ಲಿ ನಿಂತಿದ್ದರು. ಬೈಯದೆ ಟ್ಯಾಂಕಿನ ಮುಚ್ಚಳ ತೆರೆದುಕೊಟ್ಟರು. ಅದೇ ತಿಪ್ಪೇಸ್ವಾಮಿಯವರಿಗೆ ಚುಚ್ಚಿತು.

"ಮೀಟರ್ ಏರ್ತಾ ಇರೋದು ನಿನಗೆ ಕಾಣಲಿಲ್ವಾ?" ಎಂದರು, ಪೆಟ್ರೋಲ್ ಸುರಿಯುತ್ತ.

"ನಿನ್ನೆಯೇ ಕಾಣಿಸ್ತು. ಇವತ್ತು ಪಂಪ್ ಮುಂದೇನೇ ಬಂದೆ, ಹಾಕಿಸ್ಲಿಲ್ಲ."

"ಮತ್ತೆ? ನನ್ನನ್ನ ಕೇಳೋದಲ್ವಾ?"

"ಕೇಳಿದ್ರೂ, ಪೆಟ್ರೋಲ್ ಹಾಕಿಸಿದ್ರೂ ನಿಮ್ಮ ಕೈ ಮೇಲೆ ಅನುಮಾನ ಪಟ್ಟ ಹಾಗಾಗತ್ತೆ. ನೊಂದ್ಕೋತೀರಿ ಅಂತ ಸುಮ್ಮನಾದೆ."

ತಿಪ್ಪೇಸ್ವಾಮಿಯವರು ಕ್ಯಾನು ಕೆಳಗಿಟ್ಟರು.

"ಕೈ ಏನೂ ತಪ್ಪು ಮಾಡಿಲ್ಲ ಕಣೇ. ಒಂದು ಬೆಸುಗೆಯೂ ಬಿಟ್ಟಿಲ್ಲ, ಬೇಕಾದ್ರೆ ನೋಡು. ತಪ್ಪು ಮಾಡಿದ್ದು ತಲೆ. ಇನ್ನು ಮೇಲೆ ತಪ್ಪು ಕಂಡ್ರೆ ಬೈದುಬಿಡು."

"ಬೈಲಾ?"

"ಬೈಯಿ."

ವಸಂತಿ ಗಾಡಿ ಶುರು ಮಾಡಿದರು, ಬೈಗುಳವನ್ನೂ ಶುರು ಮಾಡಿದರು. ಎಂಬತ್ತು ಜನ ಹಸಿದು ಕೂತಿದ್ದಾರೆ, ಟ್ಯಾಂಕು ಖಾಲಿ ಮಾಡಿ ನೋಡೋಕೆ ಏನು ಧಾಡಿ, ಸೈನ್ಯದಲ್ಲಿ ಇದನ್ನೇ ಕಲಿತದ್ದಾ? ಓಖ್ಲಾದ ಗೇಟು ಬರುವವರೆಗೂ ನಿಲ್ಲಿಸಲಿಲ್ಲ. ಲಕ್ವ ಹೊಡೆದ ಮೇಲೆ ಎರಡು ವರ್ಷದಿಂದ ಮನೆಯಲ್ಲಿ ಅವರನ್ನು ಯಾರೂ ಬೈದಿರಲಿಲ್ಲ. ಪಕ್ಕದ ಸೀಟಿನಲ್ಲಿ ಕೂತ ತಿಪ್ಪೇಸ್ವಾಮಿಯವರು ಒಂದಕ್ಷರವನ್ನೂ ಬಿಡದೆ ಕೇಳಿಸಿಕೊಂಡರು.